ಕರುಳು ಊದೋ ಐತವಾರ

ನಳ ಬರೋದು ನಾಕು ದಿನಕ್ಕೊಮ್ಮೆ.
ಐತವಾರವೂ ನಳದ ದಿನವೂ ಕೂಡಿ ಬಂದರ
ಘಾಳೆಮ್ಮ ಕಾಕಿ ನಸುಕಿನಾಗೇ ನನ್ನ ಕೈಯಾಗ ಚರಿಗಿ ಕೊಟ್ಟು
ಚಾಂದಪಾಶಾನ ಅಂಗಡಿಗೆ ಕಳಸತಾಳ.
ಚರಿಗಿ ರಕ್ತಕ್ಕ. ಕರುಳಿಗೆ ಬ್ಯಾರೆ ಡಬ್ಬಿ.
ರಕ್ತ ಸುರಿಯೋವಾಗ ಅಂವ ಮುಖ ಆ ಕಡೆ ಮಾಡತಾನ.
ಅಂವಗ ಅದು ನಡಿಯಂಗಿಲ್ಲ, ನಮಗ ನಡಿತದ,
ಇಬ್ಬರೂ ಆ ಮಾತು ಎತ್ತಂಗಿಲ್ಲ.
"ಔರಾದ ಕಡೀ ಕುರಿ, ಕರುಳು ಉದ್ದ ಅದ" ಅಂತಾನ,
ಪ್ರತಿ ಸಲ ಅದೇ ಕುರಿ, ಅದೇ ಔರಾದ.

ಏಳು ನೀರು.
ಮೊದಲನೇ ನೀರಿನ ಮಾತು ಬ್ಯಾಡ.
ಎರಡನೇದಕ್ಕ ಉಪ್ಪು, ಮೂರನೇದಕ್ಕ ಸುಣ್ಣ,
ಆಮ್ಯಾಲ ತೊಗರಿಕಟಗಿಗೆ ಏರಿಸಿ
ಕಾಲುಚೀಲ ತಿರುವಿದಂಗ ಒಳಗಿಂದು ಹೊರಗ.
ಅರಿಶಿಣ. ಮತ್ತ ಉಪ್ಪು.
ಕೆಂಪ ಕಲ್ಲಿನ ಅಂಗಳದಾಗ ನೀರು ತಿಳಿ ಆಗೋತನ
ಕಾಕಿ ಯಾರ ಕೂಡಾನೂ ಮಾತಾಡಲ್ಲ.
ಒಮ್ಮೆ ಮಾತ್ರ ಅಂದಿದ್ದಳು:
"ಭಾಷಣದಾಗ ಕರುಳು ಕರುಳು ಅಂತಾರಲ್ಲ,
ಒಬ್ಬರರೆ ತೊಳದಾರೇನು?"

ತೊಳದಾದ ಮ್ಯಾಲ ಊದಿ ನೋಡಬೇಕು, ತೂತದ ಏನಂತ.
ಅದು ಝರೆಪ್ಪ ಕಾಕಾನ ಕೆಲಸ.
ಮದುವಿ ಬ್ಯಾಂಡಿನಾಗ ಮೂವತ್ತು ವರ್ಷ ಕ್ಲಾರಿನೆಟ್,
ಬಸವಕಲ್ಯಾಣದಿಂದ ಜಹೀರಾಬಾದ್ ತನ
ಎಷ್ಟು ಮದುಮಕ್ಕಳನ್ನ ಕುದರಿ ಹತ್ತಿಸಿದಾನೋ.
ಒಂದು ತುದಿ ಅವನ ತುಟಿಗೆ, ಇನ್ನೊಂದು ಕಾಕಿ ಮುಷ್ಟಿಯಾಗ,
ಬಿಸಲಿಗೆ ಹಿಡದರ ಒಳಗಿನ ಗಾಳಿ ಕಾಣತಿತ್ತು.

ಈಗ ಎದಿಯಾಗ ಗಾಳಿ ಉಳದಿಲ್ಲ.
ದವಾಖಾನಿ ಡಾಕ್ಟರ್ ಫೋಟೊ ತೋರಿಸಿ
"ಇಷ್ಟೇ ಅದ ನೋಡ್ರಿ" ಅಂದರು, ಬೆರಳಿಲೆ ಅಳದು.
ಮಗ ಸೈಕಲ್ ಪಂಪ್ ತಂದ.
ಕಾಕಿ ಪಂಪಿನ ಮೂತಿ ನೋಡಿದಳು, ಮಗನ ಮೂತಿ ನೋಡಿದಳು.
"ಇದಕ್ಕ ಕಿವಿ ಅವ ಏನು?"

ಹಂಗಾಗಿ ನಾನು.
ಡಿ.ಎಡ್. ಓದಿದಾಕಿ, ಜಾತ್ರಿ ಪೀಪಿ ಸುದ್ದಾ ಊದಿದಾಕಿ ಅಲ್ಲ.
ಕಣ್ಣು ಮುಚ್ಚಿ ಊದಿದೆ.
ಉಪ್ಪು, ಅರಿಶಿಣ, ತಣ್ಣಗ ಏನೋ ಒಂದು.
ಹೊರಸಿನ ಮ್ಯಾಲಿಂದ ಕಾಕಾ ಕಿವಿ ವಾಲಿಸಿದ.
"ನಿಂದ್ರು. ಮೂರು ಬೆರಳು ಹಿಂದ.
ಅಲ್ಲೆ ಸ್ವರ ಸೋರಲತದ."
ಸೂಜಿ ಮೊನಿಯಷ್ಟು ತೂತು.
ನನಗ ಏನೂ ಕೇಳಿದ್ದಿಲ್ಲ.

ರಕ್ತದಾಗ ನೆನೆದ ಜೋಳದ ನುಚ್ಚು, ಕೊಚ್ಚಿದ ಕಲೇಜಿ, ಚರ್ಬಿ,
ಬಳ್ಳೊಳ್ಳಿ, ಕೊತ್ತಂಬರಿ, ಹಸಿಖಾರ,
ಬಾಟಲಿ ಕತ್ತು ಕೊಯ್ದು ಮಾಡಿದ ಲಾಳಿಕಿ.
"ಗಚ್ಚಂಗ ತುಂಬಬ್ಯಾಡ, ನುಚ್ಚು ಉಬ್ಬತದ.
ಹೊಟ್ಟಿ ಅಂದಮ್ಯಾಲ ಒಂದೀಟು ಖಾಲಿ ಇರಬೇಕು."
ಗೇಣಿಗೊಂದು ಗಂಟು.
ನಾಕನೇ ಗಂಟಿಗೆ ದಾರ ಮುಗೀತು, ಅಂಗಡಿ ಇನ್ನೂ ತೆರದಿದ್ದಿಲ್ಲ.
ಕಾಕಿ ಕೈ ಒರಸಿಕೊಂಡು ಒಳಗ ಹೋಗಿ
ಗೂಟದ ಮ್ಯಾಲಿನ ಬ್ಯಾಂಡಿನ ಕೋಟು ತಂದಳು,
ಕೆಂಪು, ಜರಿ ಪಟ್ಟಿ, ಹಿತ್ತಾಳಿ ಗುಂಡಿ,
ಹೋದ ದೀಪಾವಳಿಗೆ ಇಸ್ತ್ರಿ ಮಾಡಿಸಿಟ್ಟಿದ್ದು.
ಅಸ್ತರಿನ ಅಂಚು ತಿರುವಿ ಬಿಳಿ ನೂಲು ಜಗ್ಗಿದಳು.
ಸರ್ರ್ ಅಂತ ಬಂತು, ಒಂದೇ ಎಳೆ.
ಕಾಕಾ ನೋಡಿದ.
"ಹೊಲಿತೀನಿ ಮತ್ತ" ಅಂದಳು.
ಅಂವ ಹೂಂ ಅಂದ.

ನೀರು ಕುದಿಬಾರದು, ಗುನುಗಬೇಕು.
ಕುದ್ದರ ಒಡೀತಾವ.
ಜಾಲಿಮುಳ್ಳಿಲೆ ಅಲ್ಲಲ್ಲಿ ಚುಚ್ಚಿ, ಮುಚ್ಚಳ ಇಡದೇ ಕಾಯಬೇಕು.
"ಉರಿ ಹಿಂದಕ್ಕ ಎಳೀರಿ, ದನಿ ಏರಲತದ,"
ಹೊರಸಿನಿಂದಲೇ.
ಎಳೆಯೋದರಾಗ ಒಂದು ಒಡದೇ ಬಿಟ್ಟಿತು.
ಉಳದವು ಹಂಚಿನ ಮ್ಯಾಲ ಚರ್ಬಿಯೊಳಗ ಹೊರಳಿ
ಕೆಂಪಗ, ಆಮ್ಯಾಲ ಕರ್ರಗ,
ಓಣಿ ನಾಯಿ ಎಲ್ಲಾ ಬಾಗಲಕ್ಕ.

ಒಡದದ್ದು ಕಾಕಾನ ತಾಟಿಗೆ.
ಅಂವ ರೊಟ್ಟಿ ಮುರದ,
ಬಿಸಿ ಆರಲಿ ಅಂತ ಊದಿದ.
ಎರಡು ಸಲ.
ಅಷ್ಟು ಇತ್ತು.
ಕೋಟು ಇನ್ನೂ ನನ್ನ ಮಗ್ಗಲದಾಗೇ ಬಿದ್ದಿತ್ತು, ಅಸ್ತರು ಜೋತು.